‘ಇವರನ್ನ ಬಾರ್ಡರಿನಿಂದ ತೆಗಸ್ರಿ’: ಜತ್ತ ಸೀಮೆಯ ಒಂದು ಆಪ್ತಸಲಹೆ ಪ್ರಕರಣ

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಊರೊಂದರಿಂದ ಸಿಪಾಯಿಯೊಬ್ಬರ ಹೆಂಡತಿ ನಾಲ್ಕು ವರ್ಷದ ಮಗನೊಂದಿಗೆ ನನ್ನ ಬಳಿಗೆ ಬಂದಾಗ, ಆಕೆಯ ಕೈಯಲ್ಲಿ ಗಂಡನ ಸಿ.ಒ. (ಪಲ್ಟನ್ನಿನ ಮುಖ್ಯಸ್ಥರಾದ ಕಮಾಂಡಿಂಗ್ ಆಫೀಸರ್) ಸಾಹೇಬರಿಗೆ ಬರೆದ ಮೂರು ಪುಟದ ಅರ್ಜಿಯಿತ್ತು. ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ. ಗಂಡನ ಪಲ್ಟನ್ ಪೂಂಚ್ ಭಾಗದ ನಿಯಂತ್ರಣ ರೇಖೆಯಲ್ಲಿತ್ತು. 2025ರ ಮೇ 7ರಿಂದ 10ರವರೆಗೆ ಅಲ್ಲಿ ಫಿರಂಗಿ ದಾಳಿ ನಡೆದಾಗ ಎರಡು ರಾತ್ರಿ ಅವರ ಫೋನು ಹತ್ತಲಿಲ್ಲ. ಮೂರನೆಯ ದಿನ ಅವರ ದನಿ ಕೇಳಿತಾದರೂ ಈಕೆಯ ನಿದ್ದೆ ಮರಳಲಿಲ್ಲ. ಕತ್ತಲಾದ ಮೇಲೆ ಬಾಗಿಲ ಮುಂದೆ ಯಾವ ಮೋಟಾರ್‌ಸೈಕಲ್ ನಿಂತರೂ ಸುದ್ದಿ ತಂದವರೇ ಎಂದು ಕೈಕಾಲು ತಣ್ಣಗಾಗುತ್ತಿದ್ದವು. ಗುಡ್ಡಾಪುರದ ದಾನಮ್ಮ ದೇವಿಗೆ ಹರಕೆ ಹೊತ್ತು ಒಪ್ಪತ್ತು ಊಟ ಮಾಡುತ್ತಿದ್ದರು.

ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ ಈಕೆಗೆ ಕಚೇರಿಯ ಮರಾಠಿಯೂ ಪಲ್ಟನ್ನಿನ ಹಿಂದಿಯೂ ಬರೆಯಲು ಬಾರದು. ಅರ್ಜಿಯನ್ನು ಹಿಂದಿಗೆ ತಿರುಗಿಸಿ, ಜೊತೆಗೆ ತನಗೆ ‘ತಲೆ ಸರಿ ಇಲ್ಲ’ ಎಂಬ ಪತ್ರವೊಂದನ್ನು ಕೊಡಬೇಕೆಂಬುದು ಅವರ ಕೋರಿಕೆ. ಗಂಡನನ್ನು ಬೆಳಗಾವಿಯ ಸೆಂಟರಿಗೆ, ಅಂದರೆ ಅಲ್ಲಿನ ಸೇನಾ ತರಬೇತಿ ಕೇಂದ್ರಕ್ಕೆ, ಹಾಕಿಬಿಟ್ಟರೆ ಸಾಕು, ಬೇರೇನೂ ಬೇಡ ಎಂದರು. ಮೈದುನ ಬೇರೆಯೇ ದಾರಿ ಹೇಳಿಕೊಟ್ಟಿದ್ದ: ‘ತಾಯಿ ಸೀರಿಯಸ್’ ಎಂದು ಸುದ್ದಿ ಕಳಿಸುವುದು, ರಜೆಗೆ ಬಂದವರನ್ನು ಕಾಯಿಲೆಯ ನೆಪದಲ್ಲಿ ಉಳಿಸಿಕೊಳ್ಳುವುದು. ತಂತಿ ಸೇವೆ 2013ರಲ್ಲೇ ನಿಂತುಹೋಯಿತು, ರಜೆಗಾಗಿ ಕಳಿಸುತ್ತಿದ್ದ ಆ ತಂತಿಯ ಒಕ್ಕಣೆ ಮಾತ್ರ ಇನ್ನೂ ಚಾಲ್ತಿಯಲ್ಲಿದೆ.

ಪತ್ರ ಕೊಡಲಾರೆ ಎಂದು ಮೊದಲೇ ಹೇಳಿದೆ. ಅವರಿಗಿದ್ದದ್ದು ಸುಳ್ಳಲ್ಲದ ಭಯ. ಅದಕ್ಕೆ ಸುಳ್ಳು ಕಾಯಿಲೆಯ ಹೆಸರಿಟ್ಟರೆ ಮುಂದೆ ನಿಜವಾದ ಕಷ್ಟವನ್ನೂ ಯಾರೂ ನಂಬುವುದಿಲ್ಲ. ಮೈದುನನ ಉಪಾಯದ ಅಪಾಯವನ್ನು ಬಿಡಿಸಿ ಹೇಳಬೇಕಾಯಿತು: 1950ರ ಸೇನಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಗೈರಾಗುವುದೂ ಕಾಯಿಲೆಯ ಸೋಗು ಹಾಕುವುದೂ ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧಗಳು, ಶಿಕ್ಷೆ ಅನುಭವಿಸುವವನು ಮೈದುನನಲ್ಲ, ಗಂಡ. ಹೆಂಡತಿ ಸಿ.ಒ.ಗೆ ಬರೆಯಬಾರದೆಂದಿಲ್ಲ, ಆದರೆ ಬದಲಿಯ (ವರ್ಗಾವಣೆಯ) ಅರ್ಜಿಯನ್ನು ಸಿಪಾಯಿಯೇ ತನ್ನ ಕಂಪನಿ ಕಮಾಂಡರರ ಮೂಲಕ ಹಾಕಬೇಕು, ಅದು ಸಿ.ಒ. ಶಿಫಾರಸಿನೊಂದಿಗೆ, ಸಿಪಾಯಿಗಳ ದಾಖಲೆ ಮತ್ತು ಬದಲಿ ನೋಡಿಕೊಳ್ಳುವ ರೆಕಾರ್ಡ್ ಆಫೀಸಿಗೆ ಹೋಗಬೇಕು. ಭಯವಾಗುತ್ತದೆ ಎಂಬುದೊಂದೇ ಅದಕ್ಕೆ ಕಾರಣವಾಗುವುದಿಲ್ಲ. ಪಲ್ಟನ್ನಿನ ಪ್ರತಿ ಮನೆಯಲ್ಲೂ ಆ ಕಾರಣವಿದೆ. ಗಂಡನಿಗೆ ತಿಳಿಸಿದ್ದೀರಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ಹಾಗಿದ್ದರೆ ಅವರಿಗೆ ಗೊತ್ತಿಲ್ಲದ ಅರ್ಜಿ ಅವರ ಸಾಹೇಬರ ಮೇಜಿಗೆ ಹೋಗಬಾರದು ಎಂದೆ. ಅವರಿಗೆ ಸಿಟ್ಟು ಬಂತು. ಅರ್ಜಿ ಮಡಚಿಕೊಂಡು ಎದ್ದರು.

ಅಷ್ಟರಲ್ಲಿ ನನ್ನ ಸಹಾಯಕಿಯ ಕೈಯಿಂದ ಸ್ಟೀಲಿನ ತಂಬಿಗೆ ಜಾರಿ ಫರಸಿಯ ಮೇಲೆ ಬಿತ್ತು. ನಾವೆಲ್ಲ ಬೆಚ್ಚಿದೆವು, ಬೆನ್ನು ತಿರುಗಿಸಿ ಕೂತಿದ್ದ ಮಗು ಮಾತ್ರ ತಿರುಗಿ ನೋಡಲಿಲ್ಲ. ವಿಚಾರಿಸಿದಾಗ ಅವನು ಇನ್ನೂ ಎರಡು ಮೂರು ಶಬ್ದಗಳನ್ನಷ್ಟೇ ಆಡುತ್ತಾನೆಂದು ತಿಳಿಯಿತು; ಅಪ್ಪ ಬಂದರೆ ಮಾತಾಡುತ್ತಾನೆ ಎಂದು ಅತ್ತೆ ಸಮಾಧಾನ ಹೇಳುತ್ತ ಬಂದಿದ್ದರು. ವಿಜಯಪುರದಲ್ಲಿ ಕಿವಿಯ ಪರೀಕ್ಷೆ ಮಾಡಿಸಲು ಹೇಳಿದೆ. ವಿಶೇಷ ಆರೈಕೆ ಬೇಕಾದ ಮಗುವಿದ್ದರೆ, ಚಿಕಿತ್ಸೆ ಸಿಗುವ ಊರಿನ ಸೇನಾ ಠಾಣೆಗೆ ಹಾಕಿ ಎಂದು ಸಿಪಾಯಿ ಕೇಳಿಕೊಳ್ಳಬಹುದು, ಆದರೆ ಅದು ಸಿಕ್ಕೇ ಸಿಗುವುದೆಂದಲ್ಲ ಎಂದೂ ತಿಳಿಸಿದೆ. ಈ ಎರಡನ್ನೂ ಒಂದೇ ಉಸಿರಿಗೆ ಹೇಳಿದ್ದು ನನ್ನ ತಪ್ಪು. ಪರೀಕ್ಷೆಯ ಹಿಂದಿನ ದಿನ ಅವರು ಫೋನು ಮಾಡಿ, ‘ಅಕ್ಕಾರ, ರಿಪೋರ್ಟ್ ಕೆಟ್ಟ ಬಂದ್ರ ಇವರು ಬರ್ತಾರಲ್ರಿ?’ ಎಂದರು. ಕೇಳಿದ ಮರುಕ್ಷಣವೇ ತಾನು ಎಂಥ ತಾಯಿ ಎಂದು ಅಳತೊಡಗಿದರು. ಆ ದಿನ ನಾನು ಬದಲಿಯ ಮಾತೆತ್ತಲಿಲ್ಲ. ಎರಡು ಭಯಗಳ ನಡುವೆ ಸಿಕ್ಕವರ ಮನಸ್ಸು ಒಂದನ್ನು ಕೊಟ್ಟು ಇನ್ನೊಂದರಿಂದ ಬಿಡಿಸಿಕೊಳ್ಳಲು ಲೆಕ್ಕ ಹಾಕುತ್ತದೆ, ಅದು ಮಗನ ಮೇಲಿನ ಪ್ರೀತಿಯ ಕೊರತೆಯಲ್ಲ ಎಂದು ಮತ್ತೆ ಮತ್ತೆ ಹೇಳಿ, ಗಂಡನಿಗೆ ಅಂದೇ ಎಲ್ಲವನ್ನೂ ತಿಳಿಸಲು ಒಪ್ಪಿಸಿದೆ.

ಎರಡೂ ಕಿವಿಗಳಲ್ಲಿ ಶ್ರವಣದೋಷವಿತ್ತು. ಗಂಡ 20 ದಿನದ ರಜೆಯಲ್ಲಿ ಬಂದರು, ಮಗುವಿಗೆ ಶ್ರವಣಸಾಧನ ಹಾಕಿಸಿದರು. ನನ್ನ ಮುಂದೆ ಕೂತಾಗ ಮಗನ ಹೆಸರಿನಲ್ಲಿ ಅರ್ಜಿ ಹಾಕುವುದಾಗಿ ಒಪ್ಪಿದರು, ಹೆಂಡತಿಯ ಮೂರು ಪುಟಕ್ಕೆ ಮಾತ್ರ ಒಪ್ಪಲಿಲ್ಲ. ‘ನಾ ಇಳಿದ್ರ ಆ ಪೋಸ್ಟಿಗೆ ಮತ್ತೊಬ್ಬ ಏರತಾನ. ಅವನಿಗೂ ಹೆಂಡ್ತಿ ಇರ್ತಾಳ’ ಎಂದರು. ‘ಆಕೀಗೆ ಆಕೀ ದೇವರ ಇರ್ಲಿ’ ಎಂದು ಈಕೆ ಮುಖ ತಿರುಗಿಸಿದರು. ಈ ಜಗಳವನ್ನು ನಾನು ತೀರಿಸಲಿಲ್ಲ, ತೀರಿಸಬೇಕೆಂದೂ ಅನ್ನಿಸಲಿಲ್ಲ.

ಮುಂದಿನ ಭೇಟಿಗಳಲ್ಲಿ ನಾವು ನೋಡಿಕೊಂಡದ್ದು ದಿನ ಸಾಗುವ ರೀತಿಯನ್ನು. ಫೋನು ಬಾರದ ದಿನವೆಂದರೆ ಕೆಟ್ಟ ಸುದ್ದಿಯ ದಿನವಲ್ಲ, ಟವರು ಇಲ್ಲದ ದಿನ ಎಂದು ಗಂಡನೇ ಒಂದು ಹಾಳೆಯಲ್ಲಿ ಬರೆದುಕೊಟ್ಟುಹೋಗಿದ್ದರು. ಟಿವಿ ಸುದ್ದಿಯನ್ನು ಅತ್ತೆ ದಿನಕ್ಕೊಮ್ಮೆ ನೋಡಿ ಬೇಕಾದ್ದನ್ನಷ್ಟೇ ಹೇಳುವುದು, ರಾತ್ರಿ ಎದೆ ಬಡಿದುಕೊಂಡಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡುವುದು, ಒಪ್ಪತ್ತು ಬಿಟ್ಟು ಹರಕೆಯನ್ನು ಬೇರೆ ರೀತಿ ತೀರಿಸುವುದು: ಇವಿಷ್ಟನ್ನು ಒಪ್ಪಿಕೊಂಡರು. ಕಾಗದಪತ್ರಗಳ ನೆರವಿಗೆ ಸಾಂಗಲಿಯ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಲು ಹೇಳಿ, ಮರಾಠಿ ಬಲ್ಲ ಮೈದುನನನ್ನೇ ಜೊತೆಗೆ ಕಳಿಸಿದೆ. ಅವನ ಉತ್ಸಾಹಕ್ಕೂ ಒಂದು ಕೆಲಸ ಬೇಕಿತ್ತು.

ಮಗನ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಮೂರು ಪುಟದ ಆ ಕಾಗದ ಮನೆಯ ದೇವರ ಜಗಲಿಯಲ್ಲಿ ದಾನಮ್ಮನ ಪಟದ ಹಿಂದೆ ಇದೆಯಂತೆ. ಅದನ್ನು ಹರಿದುಹಾಕಿ ಎಂದು ನಾನು ಹೇಳಿಲ್ಲ.