ನ್ಯಾಯಾಲಯದ ಮೆಟ್ಟಿಲಲ್ಲಿ: ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ತಂದೆಯವರ ಆಸ್ತಿಯಲ್ಲಿ ಪಾಲು ಕೇಳಿ ದಾವೆ ಹಾಕಿದ್ದೆ. ವಕೀಲರು 40,000 ರೂಪಾಯಿ ಪಡೆದರು, ರಸೀದಿ ಕೊಡಲಿಲ್ಲ. ಫೋನ್ ಮಾಡಿದಾಗಲೆಲ್ಲ ‘ಮುಂದಿನ ತಾರೀಕು ಬಿದ್ದಿದೆ’ ಎನ್ನುತ್ತಿದ್ದರು. ವಿಚಾರಿಸಿದರೆ, ಅವರು ಹಾಜರಾಗದೆ ದಾವೆ ಎಂಟು ತಿಂಗಳ ಹಿಂದೆಯೇ ವಜಾ ಆಗಿದೆ. ಕಡತ ಕೇಳಿದರೆ ಬಾಕಿ 15,000 ಕೊಟ್ಟು ಒಯ್ಯಿರಿ ಎನ್ನುತ್ತಾರೆ. ಬೇರೆ ಕಕ್ಷಿದಾರರಿಗೂ ಹೀಗೆಯೇ ಆಗಿದೆಯಂತೆ. ದೂರು ಕೊಡುತ್ತೇನೆ ಎಂದ ಮೇಲೆ, ‘ಹಣ ಮರಳಿಸುತ್ತೇನೆ, ಸುಮ್ಮನಿರಿ’ ಎಂದು ಹೇಳಿ ಕಳಿಸಿದ್ದಾರೆ. ಗ್ರಾಹಕರ ಆಯೋಗಕ್ಕೆ ಹೋಗಲೇ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ದಾವೆಯನ್ನು ಉಳಿಸಿಕೊಳ್ಳಿ. ವಜಾ ಆದ ದಾವೆಯನ್ನು ಮರುಸ್ಥಾಪಿಸಲು ಕೇಳುವ ಅವಧಿ 30 ದಿನ. ಅದು ದಾಟಿರುವುದರಿಂದ ವಿಳಂಬ ಮನ್ನಾ ಅರ್ಜಿಯನ್ನೂ ಜೊತೆಗೆ ಹಾಕಬೇಕು. ವಕೀಲರ ತಪ್ಪಿಗೆ ಏನೂ ಅರಿಯದ ಕಕ್ಷಿದಾರನನ್ನು ಶಿಕ್ಷಿಸಬಾರದೆಂದು ಸುಪ್ರೀಂ ಕೋರ್ಟ್ 1981ರಲ್ಲೇ ರಫೀಕ್ ಪ್ರಕರಣದಲ್ಲಿ ಹೇಳಿದೆ. ಹಳೆಯ ವಕೀಲರು ಒಪ್ಪಿಗೆ ಬರೆದುಕೊಡದಿದ್ದರೆ ನ್ಯಾಯಾಲಯದ ಅನುಮತಿ ಪಡೆದು ಹೊಸಬರಿಗೆ ವಕಾಲತ್ತು (ನಿಮ್ಮ ಪರ ವಾದಿಸುವ ಅಧಿಕಾರ ಪತ್ರ) ಕೊಡಬಹುದು.

ಪ್ರತಿ ತಾರೀಕಿಗೆ ನಡೆದದ್ದನ್ನು ನ್ಯಾಯಾಲಯ ಬರೆದಿಡುವ ಹಾಳೆಯೇ ಆರ್ಡರ್ ಶೀಟ್; ಇಂದೇ ಅದರ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಧಾರವಾಡದಲ್ಲಿ ವಕೀಲಿಕೆ ಮಾಡುತ್ತಾ ಇಂಥ ಹಾಳೆಗಳನ್ನು ಎಷ್ಟೋ ಓದಿದ್ದೇನೆ. ‘ಕೂಗಿಸಲಾಗಿ ವಾದಿ ಮತ್ತು ವಾದಿಪರ ವಕೀಲರು ಗೈರು’ ಎಂಬ ಸಾಲು ಯಾವ ಯಾವ ತಾರೀಕಿಗೆ ಬಂದಿದೆ ನೋಡಿ. ಅದೇ ದಿನಗಳ ಸುಮಾರಿಗೆ ಅವರು ನಿಮಗೆ ಕಳಿಸಿದ ಸಂದೇಶ, ನೀವು ಹಣ ಹಾಕಿದ ಬ್ಯಾಂಕ್ ವಿವರ ಇದ್ದರೆ ಪಕ್ಕದಲ್ಲಿಡಿ. ರಸೀದಿ ಇಲ್ಲದ ಕೊರತೆಯನ್ನು ಈ ಕಾಗದಗಳು ಬಹುಮಟ್ಟಿಗೆ ತುಂಬುತ್ತವೆ.

ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಭೋಪಾಲದ ವಕೀಲರೊಬ್ಬರು ಶುಲ್ಕ ಬಾಕಿಯೆಂದು ಬ್ಯಾಂಕೊಂದರ ಕಡತಗಳನ್ನು ಕೊಡದಿದ್ದಾಗ, ಅದು ವೃತ್ತಿ ದುರ್ನಡತೆ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಕಾನೂನು ಆವರೆಗೆ ಸ್ಪಷ್ಟವಿರಲಿಲ್ಲವೆಂದು ಅವರನ್ನು ಛೀಮಾರಿಯಷ್ಟಕ್ಕೆ ಬಿಟ್ಟು, ಮುಂದೆ ಹೀಗೆ ಮಾಡುವವರು ಈ ಕಡಿಮೆ ಶಿಕ್ಷೆಯನ್ನು ಪೂರ್ವನಿದರ್ಶನವೆಂದು ತೋರಿಸುವಂತಿಲ್ಲ ಎಂದೂ ಎಚ್ಚರಿಸಿತು. ಬಾಕಿ ಇದ್ದರೆ ಅವರು ಬೇರೆ ದಾರಿಯಲ್ಲಿ ವಸೂಲು ಮಾಡಿಕೊಳ್ಳಲಿ.

ಗ್ರಾಹಕರ ಆಯೋಗದ ದಾರಿ ಸುಪ್ರೀಂ ಕೋರ್ಟಿನ 2024ರ ಮೇ ತೀರ್ಪಿನಿಂದ ಮುಚ್ಚಿದೆ. ವಕೀಲರ ಸೇವೆ ಗ್ರಾಹಕರ ರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ. ನಷ್ಟ ಕೇಳಲು ಸಿವಿಲ್ ದಾವೆಯಿದೆ. ನಡತೆಯ ವಿಚಾರಕ್ಕೆ ಹೋಗಬೇಕಾದದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ದೂರನ್ನು ಕನ್ನಡದಲ್ಲೇ ಬರೆಯಬಹುದು. ಸಹಿ, ಸತ್ಯಾಪನೆ (ಬರೆದದ್ದು ನಿಜವೆಂಬ ಹೇಳಿಕೆ) ಮತ್ತು ನಿಗದಿತ ಶುಲ್ಕ ಬೇಕು. ದೂರಿನಲ್ಲಿ ಹುರುಳಿದೆ ಎನಿಸಿದರೆ ಪರಿಷತ್ತು ಅದನ್ನು ಮೂವರ ಶಿಸ್ತು ಸಮಿತಿಗೆ ಒಪ್ಪಿಸುತ್ತದೆ. ಸಿವಿಲ್ ನ್ಯಾಯಾಲಯದಂತೆ ಸಾಕ್ಷಿಗಳನ್ನು ಕರೆಸುವ ಅಧಿಕಾರ ಆ ಸಮಿತಿಗಿದೆ. ಒಂದು ವರ್ಷದೊಳಗೆ ವಿಚಾರಣೆ ಮುಗಿಯದಿದ್ದರೆ ಪ್ರಕರಣ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಒಂದು ಮಾತು: ದಾವೆ ಸೋತದ್ದು ದುರ್ನಡತೆಯಲ್ಲ. ನಿಮ್ಮ ದೂರು ಗೈರುಹಾಜರಿ, ಸುಳ್ಳು ತಾರೀಕು ಮತ್ತು ಕಡತದ ಸುತ್ತಲೇ ಇರಲಿ.

ಈಗ ಹಣದ ವಿಚಾರ. ನಿಮ್ಮದು ನಿಮಗೆ ಬರುವುದಾದರೆ ಖಂಡಿತ ತೆಗೆದುಕೊಳ್ಳಿ, ಆದರೆ ಬಾಯಿ ಮುಚ್ಚಿಕೊಳ್ಳುವ ಷರತ್ತಿಗೆ ಒಪ್ಪಬೇಡಿ. ವಕೀಲರ ಕಾಯ್ದೆ, 1961ರ 35ನೇ ಕಲಮಿನಲ್ಲಿ ಛೀಮಾರಿ, ಅಮಾನತು, ಪಟ್ಟಿಯಿಂದ ಹೆಸರು ತೆಗೆಯುವುದು ಎಂಬ ಶಿಕ್ಷೆಗಳಿವೆ. ಮೊದಲ ತಪ್ಪಿಗೆ ಇಷ್ಟು, ಎರಡನೆಯದಕ್ಕೆ ಅಷ್ಟು ಎಂಬ ಲೆಕ್ಕ ಅಲ್ಲಿಲ್ಲ. ಹಿಂದಿನ ನಡತೆ ದಾಖಲೆಯಲ್ಲಿದ್ದರೆ ಮಾತ್ರ ಸಮಿತಿ ಅದನ್ನು ತೂಗಬಲ್ಲದು. ನಿಮಗಿಂತ ಮುಂಚಿನವರು ಹಣ ಪಡೆದು ಸುಮ್ಮನಾಗಿದ್ದರೆ, ಈ ವಕೀಲರು ಇವತ್ತಿಗೂ ಕಾಗದದ ಮೇಲೆ ನಿಷ್ಕಳಂಕರು! ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಇದೇ. ಈ ಅಪಾಯ ಗೊತ್ತಿದ್ದೇ ನಿಯಮ ಮಾಡಿದ್ದಾರೆ: ರಾಜಿಯಾಯಿತು, ದೂರುದಾರರು ಹಿಂದೆ ಸರಿದರು ಎಂಬ ಒಂದೇ ಕಾರಣಕ್ಕೆ ಶಿಸ್ತು ವಿಚಾರಣೆಯನ್ನು ಕೈಬಿಡುವಂತಿಲ್ಲ. ದೂರು ಸಲ್ಲಿಸದಿದ್ದರೆ ಈ ನಿಯಮ ಯಾರನ್ನೂ ಕಾಯಲಾರದು. ಆ ಇತರ ಕಕ್ಷಿದಾರರನ್ನು ಹುಡುಕಿ ಮಾತನಾಡಿಸಿ. ಅವರೂ ತಮ್ಮ ತಮ್ಮ ದೂರು ಕೊಡಲಿ.

ಪ್ರಶ್ನೆ: ಅಮಾನತಾದ ವಕೀಲರೊಬ್ಬರು ‘ಕೋರ್ಟಿಗಷ್ಟೇ ಅಡ್ಡಿ, ತಹಶೀಲ್ದಾರರ ಮುಂದೆ ವಾದಿಸಬಹುದು’ ಎನ್ನುತ್ತಾರೆ. ನಿಜವೇ?
— ಓದುಗರು, ಗದಗ

ಉತ್ತರ: ಅಲ್ಲ. ಅಮಾನತಿನ ಅವಧಿಯಲ್ಲಿ ಭಾರತದ ಯಾವ ನ್ಯಾಯಾಲಯದ, ಯಾವ ಪ್ರಾಧಿಕಾರದ ಮುಂದೆಯೂ ಅವರು ವಕೀಲಿಕೆ ಮಾಡುವಂತಿಲ್ಲ. ವಕಾಲತ್ತಿಗೆ ಸಹಿ ಹಾಕಬೇಡಿ, ಮುಂಗಡವನ್ನೂ ಕೊಡಬೇಡಿ.