ಮನೆಯೊಳಗಿನ ನಾಯಿಗೂ ಚಿಗಟದ ಔಷಧ ಬೇಕೇ?

ಪ್ರಶ್ನೆ: ನಾವು ಚಿಕ್ಕಬಳ್ಳಾಪುರದವರು. ನಮ್ಮ ನಾಯಿ ಬೆಳಿಗ್ಗೆ, ಸಂಜೆ ಹತ್ತು ನಿಮಿಷ ಬೀದಿಗೆ ಹೋಗುವುದನ್ನು ಬಿಟ್ಟರೆ ಮನೆಯೊಳಗೇ ಇರುತ್ತದೆ. ಚಳಿಗಾಲದಲ್ಲಿ ಚಿಗಟದ ಔಷಧ ಬೇಡವೆಂದು ಕೆನಡಾದಲ್ಲಿರುವ ಮಗ ಹೇಳುತ್ತಾನೆ. ವರ್ಷಕ್ಕೆರಡು ಸಲ ನಾಯಿಯೊಡನೆ ಮಂಗಳೂರಿನ ಮಗಳ ಮನೆಗೂ ಹೋಗುತ್ತೇವೆ. ವರ್ಷವಿಡೀ ಔಷಧ ಹಾಕಬೇಕೆ?

ಉತ್ತರ: ಹಾಕುವುದೇ ಒಳ್ಳೆಯದು. ನಿಮ್ಮ ಮಗನ ಮಾತು ಅಲ್ಲಿನ ಅಂಗಳದ ಮಟ್ಟಿಗೆ ಸರಿ. ಹಿಮ ಬೀಳುವ ಕಡೆ ಹೊರಗಿನ ಮೊಟ್ಟೆ, ಮರಿಹುಳುಗಳು ಉಳಿಯುವುದಿಲ್ಲ. ಆದರೆ ಬೆಚ್ಚಗಿನ ಮನೆಯೊಳಗೆ ಅಲ್ಲಿಯೂ ಚಿಗಟ ಚಳಿಗಾಲವನ್ನು ಕಳೆಯಬಲ್ಲದು. ಚಿಕ್ಕಬಳ್ಳಾಪುರದ ಡಿಸೆಂಬರ್ ಚಳಿಗೆ ನಾವು ಕಂಬಳಿ ಹೊದೆಯುತ್ತೇವೆಯೇ ಹೊರತು ಚಿಗಟವೇನೂ ಸಾಯುವುದಿಲ್ಲ.

ನಮ್ಮ ಬಯಲುಸೀಮೆಯಲ್ಲಿ ಅದಕ್ಕೆ ನಿಜವಾದ ಶತ್ರು ಒಣಹವೆ. ತೇವಾಂಶ ಶೇ. 50ಕ್ಕಿಂತ ಕಡಿಮೆಯಾದರೆ ಮರಿಹುಳು ಒಣಗಿ ಸಾಯುತ್ತದೆ, ಉಷ್ಣಾಂಶ 35 ಡಿಗ್ರಿ ದಾಟಿದರೂ ಅದು ಬದುಕುವುದು ಕಷ್ಟ. ಏಪ್ರಿಲ್ ಬಿಸಿಲಿಗೆ ಕಾದ ಅಂಗಳದಲ್ಲಿ ಇವೆರಡೂ ಕೂಡಿಬರುತ್ತವೆ. ಆದರೆ ಸೋಫಾದ ಕೆಳಗೆ, ನಾಯಿ ಮಲಗುವ ಗೋಣಿತಾಟಿನ ಮಡಿಕೆಯಲ್ಲಿ, ದಿನವೂ ಒರೆಸುವ ನೆಲದ ಕತ್ತಲ ಮೂಲೆಯಲ್ಲಿ ನೆರಳೂ ತೇವವೂ ಇರುವುದರಿಂದ ಬೇಸಿಗೆಯಲ್ಲಿಯೂ ಅದರ ಸಂಸಾರ ನಡೆಯುತ್ತದೆ. ಮಂಗಳೂರಿನಲ್ಲಾದರೋ ಕಡಲ ತೇವ ವರ್ಷವಿಡೀ ಅದಕ್ಕೆ ಅನುಕೂಲ. ಅಲ್ಲಿಂದ ನಾಯಿಯ ಮೈಮೇಲೆ ಬಂದ ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆಗಳನ್ನಿಡಬಲ್ಲದು. ಅವು ನಾಯಿಯ ಕೂದಲಿನಿಂದ ಜಾರಿ ನಿಮ್ಮ ನೆಲಕ್ಕೇ ಬೀಳುತ್ತವೆ. ಗೂಡಿನೊಳಗಿನ ಕೋಶಾವಸ್ಥೆಯಲ್ಲಿ ಚಿಗಟ ತಿಂಗಳುಗಟ್ಟಲೆ ಸುಮ್ಮನಿದ್ದು, ಹೆಜ್ಜೆಯ ಅದುರು, ಮೈಯ ಬಿಸಿ ಸೋಕಿದಾಗ ಹೊರಬರುತ್ತದೆ. ಬೀಗ ಹಾಕಿದ್ದ ಮನೆಗೆ ಮರಳಿದ ದಿನವೇ ಕಾಲಿಗೆ ಕಚ್ಚುವುದು ಇದೇ ಕಾರಣಕ್ಕೆ.

ಫಿಪ್ರೊನಿಲ್ ಹನಿಗಳನ್ನು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬೆನ್ನಿಗೆ ಹಾಕುತ್ತಾರೆ. ಫ್ಲುರಾಲನರ್ ಮಾತ್ರೆ ಚಿಗಟದ ಮೇಲೆ ಸುಮಾರು 12 ವಾರ ಕೆಲಸ ಮಾಡುತ್ತದೆ. ಪ್ರಯಾಣಕ್ಕೆ ಮೊದಲು ಅವಧಿ ಮುಗಿಯದಂತೆ ನೋಡಿಕೊಳ್ಳಿ. ಪ್ರಮಾಣವನ್ನು ನಾಯಿಯ ತೂಕ ನೋಡಿ ಪಶುವೈದ್ಯರೇ ಹೇಳಬೇಕು. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಮಾತ್ರೆಗೆ ಮುನ್ನ ಅದನ್ನು ಅವರಿಗೆ ತಪ್ಪದೆ ತಿಳಿಸಿ. ಬೇವಿನೆಣ್ಣೆಯನ್ನೇ ನೆಚ್ಚಿಕೊಂಡು ಔಷಧ ಬಿಡಬೇಡಿ, ಮನೆಯೆಲ್ಲ ವಾಸನೆಯಾಗುವಷ್ಟು ಖಾತರಿಯಾಗಿ ಚಿಗಟ ಹೋಗುವುದಿಲ್ಲ. ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಸಂದುಗೊಂದುಗಳನ್ನು ಗುಡಿಸಿ. ಮನೆಯಲ್ಲಿ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಇರುವ ನಾಯಿಯ ಔಷಧವನ್ನು ತರಲೇಬೇಡಿ; ಬೆಕ್ಕಿಗೆ ಅದು ವಿಷ.