ಸಮಾರಂಭದ ಊಟದಿಂದ ಕಾಯಿಲೆ: ಹೊಣೆ ಯಾರದು, ದೂರು ಎಲ್ಲಿ?

ಪ್ರಶ್ನೆ: ಕಳೆದ ತಿಂಗಳು ನಮ್ಮ ಹೊಸ ಮನೆಯ ಒಕ್ಕಲು ನಡೆಯಿತು. ಮಧ್ಯಾಹ್ನ ಸುಮಾರು 300 ಮಂದಿ ಊಟ ಮಾಡಿದರು. ಮರುದಿನ ಬೆಳಗ್ಗಿನಿಂದ ಒಬ್ಬೊಬ್ಬರಾಗಿ ಹೊಟ್ಟೆನೋವು, ಜ್ವರ, ಭೇದಿ ಎಂದು ಫೋನ್ ಮಾಡತೊಡಗಿದರು. ಒಟ್ಟು 40ಕ್ಕೂ ಹೆಚ್ಚು ಜನರಿಗೆ ಹೀಗಾಯಿತು. ಕೆಲವರು ಕಾಸರಗೋಡಿನಲ್ಲಿ, ನನ್ನ ಅತ್ತೆಯೂ ಸೇರಿದಂತೆ ಕೆಲವರು ಮಂಗಳೂರಿನಲ್ಲಿ ಆಸ್ಪತ್ರೆಗೆ ಸೇರಬೇಕಾಯಿತು. ಗಡಿಯಾಚೆಯಿಂದ ಬಂದು ನಮ್ಮ ಅಂಗಳದಲ್ಲೇ ಅಡಿಗೆ ಮಾಡಿದ ಕ್ಯಾಟರಿಂಗ್‌ನವರು "ನಿಮ್ಮ ಬಾವಿಯ ನೀರಿನ ದೋಷ" ಎನ್ನುತ್ತಾರೆ. ಮಿಕ್ಕಿದ ಅಡಿಗೆಯನ್ನು ಅಂದೇ ಹೊಂಡಕ್ಕೆ ಹಾಕಿದ್ದೇವೆ. ಬಿಲ್ಲು ಇಲ್ಲ, ಹಣವನ್ನು ಫೋನಿನ ಮೂಲಕ ಕಳುಹಿಸಿದ್ದೆವು. ಈಗ ಏನಾದರೂ ಮಾಡಲು ಸಾಧ್ಯವೇ? ಮಲಯಾಳ ಬರೆಯಲು ಬಾರದ ನಾವು ದೂರು ಕೊಡುವುದು ಹೇಗೆ?
— ಓದುಗರು, ಬದಿಯಡ್ಕ

ಉತ್ತರ: ಸಾಧ್ಯವಿದೆ. ಆದರೆ ಮೊದಲು ಕಾಯಿಲೆ ಯಾವ ಹೊತ್ತಿಗೆ ಶುರುವಾಯಿತು ಎಂಬುದನ್ನು ನೋಡಬೇಕು, ಏಕೆಂದರೆ ಕಾರಣವನ್ನು ಹುಡುಕುವ ದಾರಿ ಅಲ್ಲಿಂದಲೇ ತೆರೆಯುತ್ತದೆ. ಊಟವಾಗಿ ಒಂದರಿಂದ ಆರು ಗಂಟೆಯೊಳಗೆ ವಾಂತಿ ಹಿಡಿದರೆ ಸ್ಟೆಫಿಲೊಕಾಕಸ್‌ನಂತಹ ರೋಗಾಣುಗಳು ಆಹಾರದಲ್ಲಿ ಮೊದಲೇ ಬಿಟ್ಟಿದ್ದ ವಿಷವನ್ನು ಸಂದೇಹಿಸುತ್ತಾರೆ. ಆ ವಿಷ ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ. ನಿಮ್ಮಲ್ಲಿ ಆದಂತೆ ಮರುದಿನ ಜ್ವರದೊಂದಿಗೆ ಭೇದಿ ಬಂದರೆ ಸಾಲ್ಮೊನೆಲ್ಲಾ, ಶಿಗೆಲ್ಲಾದಂತಹ ಸೋಂಕುಗಳ ಕಡೆಗೆ ಯೋಚನೆ ಹೋಗುತ್ತದೆ. ಶಿಗೆಲ್ಲಾ ಹತ್ತಿಪ್ಪತ್ತು ಕಣ ಹೊಟ್ಟೆಗೆ ಹೋದರೂ ಸಾಕಾಗುವಂಥದ್ದು, ಆದ್ದರಿಂದ ಬಡಿಸುವ ಒಬ್ಬರ ಕೈಯಿಂದಲೂ ಅದು ಒಂದಿಡೀ ಹಂತಿಗೆ, ಅಂದರೆ ಊಟದ ಸಾಲಿಗೆ, ಹರಡಬಲ್ಲದು. ಆದರೂ ರೋಗಾಣುವಿನ ಹೆಸರನ್ನು ಖಚಿತವಾಗಿ ಹೇಳಬಲ್ಲದ್ದು ಮಲಪರೀಕ್ಷೆಯೊಂದೇ. ಅತ್ತೆಯವರಿಗೆ ಆಂಟಿಬಯೋಟಿಕ್ ಕೊಡುವ ಮುನ್ನ ಆಸ್ಪತ್ರೆಯಲ್ಲಿ ಆ ಪರೀಕ್ಷೆ ನಡೆದಿದ್ದರೆ ವರದಿಯ ಪ್ರತಿಯನ್ನು, ಬಿಡುಗಡೆಯ ಸಾರಾಂಶವನ್ನು, ಬಿಲ್ಲುಗಳನ್ನು ಈಗಲೇ ಕೇಳಿ ಪಡೆದುಕೊಳ್ಳಿ.

ಇನ್ನು ಬಾವಿಯ ನೀರಿನ ಮಾತು. ಅದನ್ನು ಕೋಪದಿಂದ ತಳ್ಳಿಹಾಕಬೇಡಿ. ನಮ್ಮ ಮುರಕಲ್ಲಿನ ನೆಲದಲ್ಲಿ ಶೌಚದ ಗುಂಡಿಯ ನೀರು ಬಾವಿಗೆ ಇಳಿಯುವುದುಂಟು, ಆದ್ದರಿಂದ ನಿಮ್ಮ ಮನೆಯವರ ಹಿತಕ್ಕಾಗಿಯಾದರೂ ನೀರನ್ನು ಪರೀಕ್ಷೆ ಮಾಡಿಸಿ. ಆದರೆ ಇಂದಿನ ನೀರು ಅಂದಿನ ನೀರಿನ ಸಾಕ್ಷಿಯಾಗುವುದಿಲ್ಲ. ಅದಕ್ಕಿಂತ ಬಲವಾದ ಸಾಕ್ಷಿ ನಿಮ್ಮ ನೆಂಟರಲ್ಲೇ ಇದೆ. ಅಂದು ಪಾಯಸವನ್ನೋ ಹೋಳಿಗೆಯನ್ನೋ ಕಟ್ಟಿಸಿಕೊಂಡು ಹೋದವರ ಮನೆಯಲ್ಲಿ, ಸಮಾರಂಭಕ್ಕೆ ಬಾರದ, ನಿಮ್ಮ ಬಾವಿಯ ಹನಿ ನೀರನ್ನೂ ಕುಡಿಯದ ಯಾರಾದರೂ ಅದನ್ನು ತಿಂದು ಮಲಗಿದ್ದಾರೆಯೇ ಎಂದು ವಿಚಾರಿಸಿ. ಹಾಗೆಯೇ, ಅಡಿಗೆಯವರು ಬರುವ ಹಿಂದಿನ ದಿನಗಳಲ್ಲಿ ಅದೇ ನೀರು ಕುಡಿದ ಕೆಲಸಗಾರರು ಆರೋಗ್ಯವಾಗಿದ್ದರೇ ಎಂದೂ ಕೇಳಿ.

ಇದಕ್ಕೆ ಒಂದು ಬರೆಯುವ ಪುಸ್ತಕ ಸಾಕು. ಒಂದು ಸಾಲಿನಲ್ಲಿ ಹೆಸರು, ಪ್ರಾಯ, ಯಾವ ಹಂತಿಯಲ್ಲಿ ಉಂಡರು, ಏನೇನು ತಿಂದರು, ಯಾವುದನ್ನು ಬಿಟ್ಟರು, ಎಷ್ಟು ಹೊತ್ತಿಗೆ ಕಾಯಿಲೆ ಶುರುವಾಯಿತು, ಯಾವ ಆಸ್ಪತ್ರೆ. ಉಂಡೂ ಆರೋಗ್ಯವಾಗಿ ಉಳಿದವರ ಹೆಸರನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕು. ಸಾಮಾನ್ಯವಾಗಿ ಎಲ್ಲರೂ ಇದನ್ನೇ ಮರೆಯುತ್ತಾರೆ. ಕಾಯಿ ಅರೆದು ಕುದಿಸದೆ ಬಡಿಸಿದ ಸಾಸಮೆಯನ್ನು ತಿಂದವರಲ್ಲಿ ಹೆಚ್ಚಿನವರು ಮಲಗಿ, ತಿನ್ನದವರು ಚೆನ್ನಾಗಿದ್ದರೆ, ಹೊಂಡಕ್ಕೆ ಹೋದ ಅಡಿಗೆಯ ಬಗ್ಗೆ ಆ ಪುಸ್ತಕವೇ ಮಾತನಾಡುತ್ತದೆ. ಆರೋಗ್ಯ ಇಲಾಖೆಯ ತನಿಖೆಯ ಕ್ರಮವೂ ಇದೇ.

ನಿಮ್ಮಲ್ಲಿ ಆದ ದೊಡ್ಡ ನಷ್ಟವೆಂದರೆ ಮೊದಲ ದಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟದೇ ಹೋದದ್ದು. ನಮ್ಮ ಜಿಲ್ಲೆಯವರು ಚಿಕಿತ್ಸೆಗೆ ಮಂಗಳೂರಿಗೆ ಹೋಗುವುದು ಸಹಜ. ಆದರೆ ಅಲ್ಲಿ ದಾಖಲಾದವರು ಇನ್ನೊಂದು ರಾಜ್ಯದ ಲೆಕ್ಕಕ್ಕೆ ಸೇರುತ್ತಾರೆ. ಇಲ್ಲಿ ಹತ್ತು, ಅಲ್ಲಿ ಹದಿನೈದು ಎಂದು ಹಂಚಿಹೋದಾಗ ಎರಡೂ ಕಡೆ ಯಾರಿಗೂ ಇದು ಒಂದೇ ಊಟದಿಂದ ಆದದ್ದೆಂದು ಹೊಳೆಯದೆ ಹೋಗಬಹುದು. ಆದ್ದರಿಂದ ಪುಸ್ತಕದ ಪ್ರತಿಯನ್ನು ಕಾಸರಗೋಡಿನ ಜಿಲ್ಲಾ ವೈದ್ಯಾಧಿಕಾರಿಗೂ ಆಹಾರ ಸುರಕ್ಷತಾ ಅಧಿಕಾರಿಗೂ ಈಗಲಾದರೂ ಕೊಡಿ. ಗುಣವಾದ ಬಳಿಕವೂ ಕೆಲವರ ಮಲದಲ್ಲಿ ಸಾಲ್ಮೊನೆಲ್ಲಾ ವಾರಗಟ್ಟಲೆ ಹೊರಬರುತ್ತಿರುತ್ತದೆ. ಅಡಿಗೆಯವರ ತಂಡವನ್ನು ಪರೀಕ್ಷಿಸುವುದಕ್ಕೆ ಇಂದಿಗೂ ಅರ್ಥವಿದೆ, ಅವರು ನಾಳೆ ಇನ್ನೊಂದು ಮನೆಗೆ ಅಡಿಗೆಗೆ ಹೋಗುವವರು.

ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಲ್ಲಿ ಶವರ್ಮಾ ತಿಂದು 16 ವರ್ಷದ ಹುಡುಗಿಯೊಬ್ಬಳು ತೀರಿಕೊಂಡದ್ದು, ಹಲವರು ಆಸ್ಪತ್ರೆ ಸೇರಿದ್ದು ನಿಮಗೆ ನೆನಪಿರಬಹುದು. ರೋಗಿಗಳ ಮಾದರಿಗಳಲ್ಲಿ ಶಿಗೆಲ್ಲಾ ದೃಢಪಟ್ಟಿತು. ಕೇರಳ ಹೈಕೋರ್ಟು ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಹಸಿ ಮೊಟ್ಟೆಯ ಮಯೋನೀಸ್ ನಿಷೇಧ, ಪಾರ್ಸೆಲ್ ಮೇಲೆ ತಯಾರಿಸಿದ ಹೊತ್ತನ್ನು ನಮೂದಿಸುವ ನಿಯಮ ಇವೆಲ್ಲ 2023ರಲ್ಲಿ ಬಂದವು. ಒಂದು ಮಗುವಿನ ಜೀವ ಹೋದ ಮೇಲೆ ಬಂದ ನಿಯಮಗಳು ಎಂಬುದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಕಾನೂನಿನ ವಿಷಯಕ್ಕೆ ಬರೋಣ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 59ನೇ ಕಲಮಿನಂತೆ ಅಸುರಕ್ಷಿತ ಆಹಾರದಿಂದ ಸಾಮಾನ್ಯ ಹಾನಿಯಾದರೆ 1 ವರ್ಷದವರೆಗೆ ಸೆರೆ ಮತ್ತು 3 ಲಕ್ಷ ರೂಪಾಯಿವರೆಗೆ ದಂಡ, ತೀವ್ರ ಹಾನಿಯಾದರೆ 6 ವರ್ಷ ಮತ್ತು 5 ಲಕ್ಷದವರೆಗೆ, ಸಾವು ಸಂಭವಿಸಿದರೆ 7 ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಸೆರೆ ಮತ್ತು ಕನಿಷ್ಠ 10 ಲಕ್ಷ ದಂಡ. ಸಂತ್ರಸ್ತರಿಗೆ ಸಿಗುವ ಪರಿಹಾರ ಬೇರೆ, ಅದು 65ನೇ ಕಲಮಿನಲ್ಲಿದೆ: ಸಾವಿಗೆ ಕನಿಷ್ಠ 5 ಲಕ್ಷ, ತೀವ್ರ ಹಾನಿಗೆ 3 ಲಕ್ಷದವರೆಗೆ, ಉಳಿದ ಹಾನಿಗೆ 1 ಲಕ್ಷದವರೆಗೆ. ಈ ಕಾಯ್ದೆಯಡಿ ಮೊಕದ್ದಮೆಗೆ ಸಾಮಾನ್ಯವಾಗಿ 1 ವರ್ಷದ ಗಡುವಿದೆ, ಆದ್ದರಿಂದ ತಡಮಾಡಬೇಡಿ. ಪೊಲೀಸು ಠಾಣೆಗೆ ಮಾತ್ರ ದೂರು ಕೊಟ್ಟು ಕಾಯುವುದೂ ಸರಿಯಲ್ಲ. ಅಸುರಕ್ಷಿತ ಆಹಾರದ ವಿಷಯದಲ್ಲಿ ಈ ಕಾಯ್ದೆಯ 59ನೇ ಕಲಮೇ ಪೊಲೀಸರು ಬಳಸುತ್ತಿದ್ದ ದಂಡಸಂಹಿತೆಯ ಆಹಾರ ಕಲಬೆರಕೆಯ ಹಳೆಯ 272, 273ನೇ ಕಲಮುಗಳಿಗಿಂತ ಮೇಲೆಂದು ಸುಪ್ರೀಂ ಕೋರ್ಟು 2024ರ ಫೆಬ್ರವರಿಯಲ್ಲಿ ಹೇಳಿದೆ.

ಆಸ್ಪತ್ರೆಯ ಖರ್ಚನ್ನು ವಸೂಲು ಮಾಡಲು ನಿಮಗೆ ಹತ್ತಿರದ ದಾರಿ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು, ಕ್ಯಾಟರಿಂಗ್‌ನವರ ಊರಿಗೆ ಅಲೆಯಬೇಕಾಗಿಲ್ಲ. ಅವಧಿ 2 ವರ್ಷ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆ ಪಡೆದವರನ್ನೂ ಕಾಯ್ದೆ ಗ್ರಾಹಕರೆಂದೇ ಕರೆಯುವುದರಿಂದ ನಿಮ್ಮ ಅತಿಥಿಗಳೂ ದೂರು ಕೊಡಬಹುದು. ಬಿಲ್ಲಿಲ್ಲದಿದ್ದರೂ ಫೋನಿನ ಪಾವತಿಯ ದಾಖಲೆ, ಮಾತುಕತೆಯ ಸಂದೇಶಗಳು ಸಾಕ್ಷಿಯಾಗುತ್ತವೆ, ಅಳಿಸಿಬಿಡಬೇಡಿ.

ಭಾಷೆಯ ಬಗ್ಗೆ ಅಂಜಿಕೆ ಬೇಡ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ಈ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನೂ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನೂ ಕೊಟ್ಟಿದೆ. ದೂರನ್ನು ಸ್ಪಷ್ಟವಾದ ಕನ್ನಡದಲ್ಲಿ ಬರೆದು, ಎರಡನೇ ಪ್ರತಿಗೆ ಮೊಹರು ಹಾಕಿಸಿಕೊಂಡು ಬನ್ನಿ.

ಪ್ರಶ್ನೆ: ನಮ್ಮ ದೇವಸ್ಥಾನದ ಅನ್ನದಾನಕ್ಕೂ ಪರವಾನಗಿ ಬೇಕೇ? ನಾವು ಹಣ ಪಡೆಯುವುದಿಲ್ಲ.
— ಸಮಿತಿಯ ಸದಸ್ಯರು, ಕುಂಬಳೆ

ಉತ್ತರ: ಬೇಕು. ಲಾಭವಿರಲಿ ಇಲ್ಲದಿರಲಿ ಆಹಾರ ಹಂಚುವುದು ಆಹಾರ ಸುರಕ್ಷತಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಧಾರ್ಮಿಕ ಕೂಟದಲ್ಲಿ ಊಟ ಹಂಚುವವರು ಕನಿಷ್ಠ ನೋಂದಣಿಯನ್ನಾದರೂ ಮಾಡಿಸಿಕೊಳ್ಳಬೇಕು, ಹೊರಗಿನ ಕ್ಯಾಟರಿಂಗ್‌ನವರನ್ನು ಕರೆಸಿದರೆ ಅವರ ಆಹಾರ ಸುರಕ್ಷತಾ ಪರವಾನಗಿಯ 14 ಅಂಕಿಗಳ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಅನ್ನ, ಸಾರು, ಪಾಯಸಗಳು ಬಡಿಸುವವರೆಗೂ 60 ಡಿಗ್ರಿಗಿಂತ ಬಿಸಿಯಾಗಿರಲಿ, ಅಂದರೆ ಕೊಪ್ಪರಿಗೆಯ ಅಡಿಯ ಬೆಂಕಿ ಕೊನೆಯ ಹಂತಿಯವರೆಗೂ ಆರಬಾರದು. ಪ್ರತಿಯೊಂದು ಅಡಿಗೆಯಿಂದಲೂ ಒಂದೊಂದು ಲೋಟದಷ್ಟನ್ನು ಶುದ್ಧ ಡಬ್ಬಿಗೆ ಹಾಕಿ, ದಿನಾಂಕ ಬರೆದು, ಮೂರು ದಿನ ಫ್ರಿಜ್‌ನಲ್ಲಿಡಿ. ಬದಿಯಡ್ಕದವರ ಕೈಯಲ್ಲಿ ಇಲ್ಲದೇ ಹೋದದ್ದು ಅದೇ ಡಬ್ಬಿ.